ಹೋಟೆಲಿನೊಳಗೆ ಹತ್ತು ಕಿಲೋಮೀಟರ್

ಒಂದೇ ಊರಿನಲ್ಲಿರುವ ಮೂರು ಜನ ಮೂರು ಬೇರೆ ಬೇರೆ ಕಡೆ ಓಡಿ, ಅದನ್ನು ಒಟ್ಟಿಗೆ ಓಡಿದ್ದು ಎಂದು ಕರೆಯುವುದಾದರೆ, ನಾನು ನಮ್ಮ ಮನೆಯಲ್ಲಿ ಉಂಡು ನೀವು ನಿಮ್ಮ ಮನೆಯಲ್ಲಿ ಉಂಡದ್ದೂ ಸಹಪಂಕ್ತಿ ಭೋಜನವೇ ಆಗಬೇಕು. ಈ ಮಾತನ್ನು ನಾನು ಮೊದಲ ದಿನವೇ ಹೇಳಿದ್ದೆ. ಉತ್ತರವಿಲ್ಲದವರು ಈಗೆಲ್ಲ ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ಹೆಬ್ಬೆರಳು ಬಂದವು.

ವರ್ಚುವಲ್ ರೇಸ್ ಅಂದರೆ ಇಷ್ಟೆ. ಹೆಸರು ನೋಂದಾಯಿಸಿದರೆ ಒಂದು ಟೀ ಶರ್ಟು ಮನೆಗೆ ಬರುತ್ತದೆ. ಶನಿವಾರ, ಭಾನುವಾರ, ಎರಡರಲ್ಲಿ ಒಂದು ದಿನ ಆರಿಸಿಕೊಂಡು ಹೊತ್ತು ಮುಳುಗುವುದರೊಳಗೆ ಎಲ್ಲಿ ಬೇಕಾದರೂ ಹತ್ತು ಕಿಲೋಮೀಟರ್ ಓಡಬಹುದು. ನಡುವೆ ನಡೆದರೂ ತಪ್ಪಿಲ್ಲ, ಆದರೆ ಒಂದೇ ಸಲಕ್ಕೆ ಮುಗಿಸಬೇಕು. ಫೋನಿನ ಆಪ್ ದೂರ ಅಳೆಯುತ್ತದೆ. ಹತ್ತು ಆಯಿತೆಂದರೆ ಸರ್ಟಿಫಿಕೇಟ್. ಎದುರಾಳಿಯಿಲ್ಲ, ನೋಡುವವರಿಲ್ಲ, ತೀರ್ಪುಗಾರರಿಲ್ಲ. ಕಾಲೇಜಿನ ಅಷ್ಟೂ ವರ್ಷ ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರರ ಹುಬ್ಬು ನೋಡಿಕೊಂಡು ಮಾತಾಡಲು ಕಲಿತ ನನಗೆ ಇದು ಓಟದ ಹೆಸರಿನಲ್ಲಿ ಒಬ್ಬರೇ ಆಡಿಕೊಳ್ಳುವ ಚೌಕಾಬಾರದ ಹಾಗೆ ಕಂಡಿತು.

ಆದರೂ ಒಪ್ಪಿದೆ. ಅದಕ್ಕೆ ಕಾರಣ ನಮ್ಮ ಹೋಟೆಲಿನವನು.

ಕಾಲೇಜಿನ ಚರ್ಚಾ ತಂಡದಲ್ಲಿ ನಾವು ಮೂವರಿದ್ದೆವು. ಚೆನ್ನೈನ ಅಡ್ಯಾರಿನಲ್ಲಿರುವ ನಾನು ಮೊದಲ ಮಾತುಗಾರ್ತಿ. ಎರಡನೆಯವಳು ಸೌಕಾರ್‌ಪೇಟೆಯವಳು, ಅವಳ ತಂದೆಗೆ ಅಲ್ಲಿ ಬ್ಯಾಂಕ್ ಕೆಲಸ. ಮನೆಮಾತು ಕನ್ನಡವೇ ಆದರೂ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವವಳು. ಮೂರನೆಯವನು ಟಿ. ನಗರದಲ್ಲಿ ಅಪ್ಪನ ಸಸ್ಯಾಹಾರಿ ಹೋಟೆಲ್ ನೋಡಿಕೊಳ್ಳುವವನು, ಕುಂದಾಪುರದ ಕಡೆಯ ಮನೆತನ. ಎದುರಾಳಿಯ ವಾದವನ್ನು ಕೊನೆಯಲ್ಲಿ ಬಿಡಿಬಿಡಿಯಾಗಿ ಹರಿದು ಹಾಕುವ ಕೆಲಸ ಅವನದು. ಅವನು ಎದ್ದು ನಿಂತರೆ ಎದುರು ತಂಡದವರು ನೀರು ಕುಡಿಯುತ್ತಿದ್ದರು.

ಈ ರೇಸಿನ ವರ್ಷದ ಆರಂಭದಲ್ಲಿ ಅವನ ರಕ್ತದಲ್ಲಿ ಸಕ್ಕರೆ ಗಡಿಯ ಮೇಲೆ ಬಂದು ನಿಂತಿದೆ ಎಂದು ಡಾಕ್ಟರ್ ಹೇಳಿದರು. ಇನ್ನೂ ಮೂವತ್ತಾಗದ ಹುಡುಗ. ಅವನ ಅಜ್ಜ ಇದೇ ಸಕ್ಕರೆಯಿಂದ ಪಾದ ಕಳೆದುಕೊಂಡವರು. ಅಪ್ಪ ಮಾತ್ರೆ ನುಂಗಿ, ಅದರ ಹಿಂದೆಯೇ ಕೇಸರಿಬಾತಿನ ರುಚಿ ನೋಡುವವರು. ಬೆಳಿಗ್ಗೆ ದಿನಾ ಒಂದು ಗಂಟೆ ಓಡು, ಆಗದಿದ್ದರೆ ಬಿರುಸಾಗಿ ನಡೆ ಎಂದರು ಡಾಕ್ಟರ್. ಆದರೆ ಹೋಟೆಲಿನವನಿಗೆ ಬೆಳಿಗ್ಗೆ ಎಲ್ಲಿಂದ ಬರಬೇಕು? ಬಾಗಿಲು ತೆರೆದಾಗಿನಿಂದ ಹತ್ತರವರೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವನು ಅವನೇ. ಅಪ್ಪ ಮಾರ್ಕೆಟ್ಟು ಮುಗಿಸಿ, ಪೂಜೆ ಮುಗಿಸಿ ಆಮೇಲೆ ಬರುವವರು.

ಅವನು ಬೆಳಗಿನ ಬಿಡುವು ಕೇಳಿದ, ಈ ರೇಸಿನ ವಿಷಯವನ್ನೂ ಹೇಳಿದ. ಅಪ್ಪ ಒಂದು ಷರತ್ತು ಹಾಕಿದರು. "ಇದೆಲ್ಲ ಮೂರು ದಿನದ ಆಟ. ಆ ಹತ್ತು ಕಿಲೋಮೀಟರಿನದ್ದು ಮುಗಿಸಿ ಸರ್ಟಿಫಿಕೇಟ್ ತೋರ್ಸ್. ಮತ್ತೆ ಬೆಳಿಗ್ಗೆ ಗಲ್ಲಾದಗೆ ನಾನೇ ಕೂಕಂತೆ."

ಇದನ್ನು ಅವನು ನಮಗೆ ಸಂತೋಷದಿಂದ ವರದಿ ಮಾಡಿದಾಗ ನನಗೆ ಮೈಯೆಲ್ಲ ಉರಿದಿತ್ತು. ಬೆಳಗಿನ ಬಿಡುವು ಬೇಕಾದರೆ ಓಡಿ ತೋರಿಸಬೇಕು. ಓಡಿ ತೋರಿಸಬೇಕಾದರೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಬೆಳಗಿನ ಬಿಡುವು ಬೇಕು. ತಮ್ಮ ಬಾಲವನ್ನೇ ಬಾಯಲ್ಲಿ ಹಿಡಿದುಕೊಂಡಿದ್ದ ಇಂಥ ವಾದಗಳನ್ನು ನಾವು ಎರಡನೇ ವರ್ಷದಲ್ಲೇ ಒಡೆದು ಬಿಸಾಡುತ್ತಿದ್ದೆವು.

"ಅಪ್ಪಂಗೆ ಇದನ್ನ ಹೇಳಿದ್ಯಾ?" ಎಂದೆ.

"ಅಪ್ಪಯ್ಯನಿಗೆಂತ ಹೇಳುದು ಮಾರಾಯ್ತಿ. ರೇಸಿನ ಒಂದು ದಿನ ಬಿಡ್ತೇನೆ ಅಂದಿದ್ದಾರಲ್ಲ, ಸಾಕು."

ಅಭ್ಯಾಸವನ್ನು ಅವನು ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತಿನಲ್ಲಿ, ಚೆನ್ನೈನ ಬಿಸಿಲಿನಲ್ಲಿ ಮಾಡಿದ. ನಾನು ಮತ್ತು ಸೌಕಾರ್‌ಪೇಟೆಯವಳು ಅವನಿಗೆ ಜೊತೆ ಎಂದು ಹೆಸರು ಕೊಟ್ಟೆವು. ಮೂವರೂ ಒಂದೇ ಕಡೆ ಓಡಿದರೆ ಆಗುವುದಿಲ್ಲವೇ ಎಂದು ನಾನು ಕೇಳಿದ್ದುಂಟು. ಅಡ್ಯಾರ್ ಸೇತುವೆ ದಾಟಿ ಬಂದು ಹೋಗುವಷ್ಟು ಹೊತ್ತು ಹೋಟೆಲ್ ಬಿಟ್ಟಿರಲು ಆಗದು ಎಂದ ಅವನು. ಅಷ್ಟರಲ್ಲಿ ಟೀ ಶರ್ಟು ಬಂತು, ಎದೆಯ ಮೇಲೆ 'ಒಟ್ಟಾಗಿ ಓಡೋಣ' ಎಂಬ ಅರ್ಥದ ಇಂಗ್ಲಿಷ್ ಅಕ್ಷರ.

ದಿನ ಯಾವುದು ಎಂದು ಮತ ಹಾಕಿದೆವು. ಮೂವರೂ ಭಾನುವಾರ. ಗೋಡೆಯ ಕ್ಯಾಲೆಂಡರಿನ ಆ ಹಾಳೆಯನ್ನು ಯಾರೂ ತಿರುಗಿಸಿ ನೋಡಲಿಲ್ಲ. ಪಂಚಾಂಗ ನೋಡಿ ಓಡುವವಳು ನಾನಲ್ಲ, ಅವಳೂ ಅಲ್ಲ, ನೋಡಲೇಬೇಕಾಗಿದ್ದವನಿಗೆ ಶೂ ಕೊಳ್ಳುವ ಸಂಭ್ರಮ. ಆ ಭಾನುವಾರ ದೊಡ್ಡ ಮುಹೂರ್ತದ ದಿನ. ಚೆನ್ನೈನಲ್ಲಿ ಮುಹೂರ್ತ ಎಂದರೆ ಮಂಟಪ ಮಂಟಪಕ್ಕೂ ಮದುವೆ, ಮದುವೆ ಮದುವೆಗೂ ಬಡಿಸುವ ಕೈ ಬೇಕು. ಹೋಟೆಲುಗಳ ಸಪ್ಲೈಯರುಗಳು ಅಂಥ ದಿನ ಜ್ವರ ಬರಿಸಿಕೊಂಡು ಕೇಟರಿಂಗ್‌ಗೆ ಹೋಗಿಬಿಡುತ್ತಾರೆ. ಇದು ಆ ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತು. ಹೋಟೆಲಿನಲ್ಲೇ ಹುಟ್ಟಿ ಬೆಳೆದ ನಮ್ಮ ವೀರನಿಗೂ ಗೊತ್ತು.

ಭಾನುವಾರ ಇನ್ನೂ ಬೆಳಕು ಹರಿಯುತ್ತಿದ್ದ ಹಾಗೆ ನಾನು ಮನೆಯ ಗೇಟಿನ ಹೊರಗೆ ನಿಂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಇಬ್ಬರನ್ನೂ ಒಂದೇ ಕರೆಯೊಳಗೆ ಸೇರಿಸಿದೆ. ಒಟ್ಟಿಗೆ ಓಡುವುದಂತೂ ಇಲ್ಲ, ಒಟ್ಟಿಗೆ ಶುರುವಾದರೂ ಮಾಡೋಣ ಎಂಬುದು ನನ್ನದೇ ತಿದ್ದುಪಡಿ. ಸೌಕಾರ್‌ಪೇಟೆಯವಳು ಮನೆಯ ತಾರಸಿಯ ಮೇಲಿದ್ದಳು. ಅವಳ ಬೀದಿಯಲ್ಲಿ ಬೆಳಗಾಗುವ ಮೊದಲೇ ಕೈಗಾಡಿಗಳು ಅಡ್ಡ ನಿಲ್ಲುತ್ತವೆ. ಇವನ ಕಡೆಯಿಂದ ಲೋಟಗಳ ಸದ್ದು ಬರುತ್ತಿತ್ತು.

"ಎಲ್ಲಿದೀಯೋ?"

"ಮೂರನೇ ಟೇಬಲ್ ಹತ್ರ."

"ಏನಂದೆ?"

"ನಾಲ್ಕು ಜನ ಬರಲಿಲ್ಲ. ಅಪ್ಪಯ್ಯ ದೋಸೆ ಕಲ್ಲಿನ ಎದುರು ನಿಂತಿದ್ದಾರೆ. ಗಲ್ಲಾ ನಾನೇ, ಸಪ್ಲೈ ನಾನೇ. ಚಿಂತೆ ಮಾಡಬೇಡ, ಆಪ್ ಹಾಕಿದ್ದೇನೆ, ಕಿಸೆಯಲ್ಲಿ ಉಂಟು. ಇಲ್ಲೇ ಓಡ್ತೇನೆ."

ನಾನು ಆಗಲೇ ಓಡಲು ಶುರು ಮಾಡಿಯಾಗಿತ್ತು. ಮರಗಳ ಕೆಳಗಿನ ರಸ್ತೆ, ಹಾಲಿನ ಅಂಗಡಿ, ವಾಕಿಂಗ್ ಮಾಡುವ ಮಾಮಾಗಳು. ಎಲ್ಲರಿಗೂ ಕೇಳುವ ಹಾಗೆ ಕೂಗಿದೆ: "ಅದು ಓಟ ಅಲ್ಲ ಕಣೋ! ಅದು ಕೆಲಸ!"

"ನಿಯಮದಲ್ಲಿ ಎಲ್ಲಿ ಬೇಕಾದರೂ ಓಡಬಹುದು ಅಂತ ಉಂಟು. ನಮ್ಮ ಹೋಟೆಲು ಎಲ್ಲಿಯೋ ಒಂದು ಕಡೆ ಅಲ್ವಾ?"

"ನಿಯಮದ ಅಕ್ಷರ ಬೇರೆ, ಉದ್ದೇಶ ಬೇರೆ."

"ಉದ್ದೇಶ ಎಂತ? ಕಾಲು ಆಡುದು. ಆಡ್ತಾ ಉಂಟು. ಒಂದು ನಿಮಿಷ... ಎರಡು ಪೊಂಗಲ್, ಒಂದು ವಡೆ, ಸಾಂಬಾರ್ ಬೇರೆ! ಹಾಂ, ಹೇಳು."

ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು. ಹಾಗಾದರೆ ಕೂಲಿಯವರೆಲ್ಲ ಓಟಗಾರರೇ? ಹಾಗಾದರೆ ನಿನಗೆ ಸಕ್ಕರೆ ಯಾಕೆ ಬಂತು, ದಿನಾ ಇಷ್ಟು ಓಡಾಡುವವನಿಗೆ? ಆದರೆ ಏದುಸಿರು ಬಿಡುತ್ತಾ ವಾಕ್ಯವೊಂದನ್ನು ಕ್ರಿಯಾಪದದವರೆಗೆ ಎಳೆದುಕೊಂಡು ಹೋಗುವುದು ಕಷ್ಟ. 'ಹಾಗಾದರೆ' ಎಂಬಲ್ಲೇ ನಿಂತುಬಿಡುತ್ತಿದ್ದೆ. ಜೀವನದಲ್ಲಿ ಮೊದಲ ಸಲ ಗಾಳಿ ಸಾಲದೆ ವಾದ ಸೋತೆ.

"ವಿಡು ಡೀ, ಅವನ್ ಓಡಟ್ಟುಂ," ಅಂದಳು ತಾರಸಿಯವಳು. ಬಿಡೇ, ಓಡಲಿ ಅವನು. ಅವಳ ದನಿ ಒಂದಿಷ್ಟೂ ಏದುತ್ತಿರಲಿಲ್ಲ. ಅದೂ ಸಿಟ್ಟು ತರಿಸಿತು.

ನಾನು ಮುಗಿಸಿದೆ. ತಾರಸಿಯವಳೂ ಮುಗಿಸಿದಳು, ಅವಳ ನಕ್ಷೆ ಬೆಕ್ಕು ಆಡಿ ಬಿಟ್ಟ ನೂಲಿನ ಉಂಡೆಯ ಹಾಗಿತ್ತು, ಆದರೂ ಆಪ್ ಒಪ್ಪಿಕೊಂಡಿತ್ತು. ಆಕಾಶ ಕಂಡರೆ ಸಾಕು ಅದಕ್ಕೆ. ಇವನ ತಲೆಯ ಮೇಲೆ ಆಕಾಶವಿರಲಿಲ್ಲ, ಎರಡು ಅಂತಸ್ತಿನ ಕಾಂಕ್ರೀಟು ಇತ್ತು. ಬೆಳಗಿನಿಂದ ಅಡುಗೆಮನೆ, ಟೇಬಲ್ಲು, ಗಲ್ಲಾ, ಮತ್ತೆ ಅಡುಗೆಮನೆ ಎಂದು ಅಂಗಿ ಒದ್ದೆಯಾಗುವಂತೆ ತಿರುಗಿದವನಿಗೆ ಆಪ್ ಕೊಟ್ಟ ದೂರ ಆ ಬೀದಿಯ ಈ ತುದಿಯಿಂದ ಆ ತುದಿಯಷ್ಟು. ಅವನ ಚುಕ್ಕೆ ಹೋಟೆಲಿನ ಮೇಲೆಯೇ ಅಲ್ಲಾಡುತ್ತಾ ನಿಂತಿತ್ತು.

'ನೋಡಿದ್ಯಾ' ಎಂದು ಬರೆದೆ. 'ಅಕ್ಷರವೂ ಇಲ್ಲ, ಉದ್ದೇಶವೂ ಇಲ್ಲ.' ಅವನು ಹೆಬ್ಬೆರಳು ಕಳಿಸಿದ.

ಸ್ನಾನ ಮಾಡಿ ಅಡ್ಯಾರಿನಿಂದ ಬಸ್ಸು ಹತ್ತಿ ಟಿ. ನಗರಕ್ಕೆ ಹೋದೆ. ಅಪ್ಪನ ಹತ್ತಿರ ನೇರವಾಗಿ ಮಾತಾಡುವುದು ಎಂದು ತೀರ್ಮಾನಿಸಿದ್ದೆ. ದಾರಿಯುದ್ದಕ್ಕೂ ವಾದವನ್ನು ಜೋಡಿಸಿದೆ: ಷರತ್ತು ಹಾಕಿದವರು ನೀವು, ಷರತ್ತು ಪೂರೈಸದ ಹಾಗೆ ಮಾಡಿದ್ದೂ ನಿಮ್ಮದೇ ಹೋಟೆಲ್, ಆದ್ದರಿಂದ ಷರತ್ತು ಬಿದ್ದುಹೋಯಿತು. ಇದಕ್ಕೆ ಯಾವ ಉತ್ತರವೂ ಇಲ್ಲ. ಈಗಲೂ ಇಲ್ಲ ಎಂದೇ ನನ್ನ ನಂಬಿಕೆ.

ಅಪ್ಪ ದೋಸೆ ಕಲ್ಲು ಬಿಟ್ಟು ಗಲ್ಲಾಕ್ಕೆ ಬಂದಿದ್ದರು. ತೋಳಿನ ಮೇಲೆಲ್ಲ ಎಣ್ಣೆಯ ಮಿಣುಕು. ಮಗ ಒಳಗೆ ಊಟದ ಎಲೆ ಜೋಡಿಸುತ್ತಿದ್ದ.

"ಎಂತ ಮಗಾ, ಈ ಬಿಸಿಲಲ್ಲಿ? ಕೂಕೋ. ಕಾಪಿ ಕುಡಿ," ಎಂದರು ನನಗೆ. ಅವರ ಊರಿನ ಕಡೆ ಹುಡುಗಿಯೂ ಮಗಾ.

"ಅಂಕಲ್, ಒಂದು ವಿಷಯ ಮಾತಾಡ್ಬೇಕು."

"ಮಾತಾಡುವ. ತಿಂಡಿ ಆಯ್ತಾ?"

"ಆಯ್ತು ಅಂಕಲ್. ನೀವು ಅವನಿಗೆ ಸರ್ಟಿಫಿಕೇಟ್ ತಂದ್ರೆ ಬೆಳಿಗ್ಗೆ ಬಿಡ್ತೀನಿ ಅಂದ್ರಿ. ಆದ್ರೆ ಸರ್ಟಿಫಿಕೇಟ್ ತರೋ ದಿನಾನೇ..."

"ಏ, ಇವಳಿಗೊಂದು ರವೆ ದೋಸೆ ಹಾಕಿ! ಈರುಳ್ಳಿ ಜಾಸ್ತಿ!" ಎಂದು ಒಳಗೆ ಕೂಗಿ ನನ್ನ ಕಡೆ ತಿರುಗಿದರು. "ನೀ ಹೇಳೂದು ಸಮ ಮಗಾ. ಆದ್ರೆ ಮದುವೆಗೆ ಹೋದವರನ್ನ ನಾನ್ ಎಲ್ಲಿಂದ ಹಿಡ್ಕಂಡ್ ಬರೂದು? ಮುಂದಿನ ವಾರ ಓಡ್ಲಿ ಅಂವ."

"ಮುಂದಿನ ವಾರ ರೇಸ್ ಇಲ್ಲ ಅಂಕಲ್!"

"ರೋಡ್ ಇರತ್ತಲ್ಲ?"

ದೋಸೆ ಬಂತು. ಬಾಯಲ್ಲಿ ಬಿಸಿ ದೋಸೆ ಇಟ್ಟುಕೊಂಡು ಎದುರಾಳಿಯ ವಾದದಲ್ಲಿನ ಸುತ್ತುಮಾತನ್ನು ಬಯಲಿಗೆಳೆಯುವುದು ಹೇಗೆಂದು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನೀ ಹೇಳೂದು ಸಮ ಎಂದು ಒಪ್ಪಿಕೊಂಡು, ಒಪ್ಪಿಕೊಂಡದ್ದರಿಂದ ಏನೂ ಬದಲಾಗದ ಹಾಗೆ ನೋಡಿಕೊಳ್ಳುವ ಕಲೆ ಈ ಊರಿನ ಹಿರಿಯರಿಗೆಲ್ಲ ಒಲಿದಿದೆ. ನಮ್ಮ ಮನೆಯಲ್ಲೂ ಇದೆ. ವಿರೋಧಿಸಿದ್ದರೆ ಎಷ್ಟೋ ವಾಸಿ.

ಅಷ್ಟರಲ್ಲಿ ಸೌಕಾರ್‌ಪೇಟೆಯವಳೂ ಬಂದು ಎದುರು ಕೂತಳು. ಒಳಗಿಂದ ಕೈ ಒರೆಸಿಕೊಳ್ಳುತ್ತಾ ಬಂದವನು, "ಊಟ ಮುಗಿದ ಮೇಲೆ ಎರಡು ಗಂಟೆ ಸಿಗ್ತದೆ. ಆಗ ಓಡ್ತೇನೆ. ಹೊತ್ತು ಮುಳುಗುವುದರ ಒಳಗೆ ಅಲ್ವಾ?" ಅಂದ.

"ಬೆಳಿಗ್ಗೆಯಿಂದ ಕಾಲ ಮೇಲೇ ಇದೀಯ. ಈ ಬಿಸಿಲಲ್ಲಾ?"

"ಮತ್ತೆ ಬೇರೆ ಹೊತ್ತು ಎಲ್ಲುಂಟು?"

ಅವನು ಕೇಳಿದ್ದು ನನ್ನನ್ನಲ್ಲ, ಹಾಗೆಂದು ಅಪ್ಪನನ್ನೂ ಅಲ್ಲ. ಸುಮ್ಮನೆ ಗೋಡೆಗೆ ಹೇಳಿದ ಹಾಗಿತ್ತು.

ಟಿ. ನಗರದಲ್ಲಿ ಭಾನುವಾರ ಮಧ್ಯಾಹ್ನ ಓಡಬೇಕು ಎಂದುಕೊಂಡವರು ಒಂದು ಸಲ ಪ್ರಯತ್ನಿಸಿ ನೋಡಬೇಕು. ಜವಳಿ ಅಂಗಡಿಗಳ ಚೀಲ ಹಿಡಿದ ಸಂಸಾರಗಳು ಕೈಗೆ ಕೈ ಬೆಸೆದು ರಸ್ತೆಯಗಲಕ್ಕೂ ಬರುತ್ತಿದ್ದವು. ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಎಂದು ಕರೆಯುವವನು ಓಡುವವರನ್ನೂ ಕರೆದ. ಸರಿ, ಪಾರ್ಕಿನೊಳಗೆ ಸುತ್ತು ಹೊಡೆಯೋಣ ಎಂದು ಹೋದರೆ ಗೇಟಿಗೆ ಬೀಗ. ವಾಚ್‌ಮನ್ ನೆರಳಲ್ಲಿ ಕೂತಲ್ಲಿಂದಲೇ ನಾಲ್ಕು ಬೆರಳು ತೋರಿಸಿದ, ತೆರೆಯುವುದು ನಾಲ್ಕಕ್ಕಂತೆ. ಓಡಲು ಕಟ್ಟಿದ ಜಾಗವನ್ನು ಓಡಬೇಕಾದಾಗ ಮುಚ್ಚಿಡುವ ಊರು. ಪಾರ್ಕಿನ ಬೇಲಿಯ ಹೊರಗಿನ ಫುಟ್‌ಪಾತಿನಲ್ಲಿ, ಕಬ್ಬಿನ ಹಾಲಿನ ಗಾಡಿ, ನಿಲ್ಲಿಸಿದ ಬೈಕು, ಕಿತ್ತ ಚಪ್ಪಡಿ ದಾಟುತ್ತಾ ಸುತ್ತತೊಡಗಿದೆವು.

ಬೆಳಿಗ್ಗೆ ಮುಗಿಸಿದ್ದ ನಾವಿಬ್ಬರೂ ಅವನ ಎಡಬಲಕ್ಕೆ. ಅಂತೂ ಮೂವರೂ ಒಂದೇ ಕಡೆ ಓಡುತ್ತಿದ್ದೆವು. ನಾನು ಇಷ್ಟು ದಿನ ಕೇಳಿದ್ದು ಇದನ್ನೇ ಎಂಬುದು ಆಗ ನೆನಪಿಗೂ ಬರಲಿಲ್ಲ. ಬಂದದ್ದು ಬರೀ ಕೋಪ. ಅವನ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಒಂದು ಸುತ್ತು ಓಡುತ್ತಿದ್ದ, ಒಂದು ಸುತ್ತು ನಡೆಯುತ್ತಿದ್ದ. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದಂತೆ ಕೂತ. ಸೌಕಾರ್‌ಪೇಟೆಯವಳು ನೀರಿನ ಬಾಟಲಿ ಅವನ ತಲೆಯ ಮೇಲೆ ಸುರಿದಳು.

"ಪಾವಂ ಡಾ ನೀ," ಅಂದಳು, ಪಾಪ ಕಣೋ ನೀನು ಎನ್ನುವ ದನಿಯಲ್ಲಿ. ಅವನು ನಕ್ಕು ಎದ್ದ. ಮತ್ತೆ ಓಡಿದ. ಆಪಿನ ಹೆಂಗಸು ಏಳು ಮುಗಿಯಿತು ಎಂದು ಇಂಗ್ಲಿಷಿನಲ್ಲಿ ಉಲಿದಳು. ಇನ್ನು ಮೂರು. ನಡೆದರೂ ಆಗುವಂಥ ಮೂರು.

ಆಗ ಅವನ ಫೋನ್ ಹೊಡೆದುಕೊಂಡಿತು. ಅಪ್ಪ. ಸಂಜೆಯ ತಿಂಡಿಗೆ ಜನ ಬಂದು ಕೂತಿದ್ದಾರೆ, ಬಜ್ಜಿ ಹಾಕುವವರಿಲ್ಲ.

"ಎತ್ತಬೇಡ," ಅಂದೆ.

ಎತ್ತಿದ. "ಬಂದೆ ಅಪ್ಪಯ್ಯ."

ರಸ್ತೆಯ ನಡುವೆ ನಿಂತು ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಎದುರು ತಂಡದ ಬಾಯಿ ಮುಚ್ಚಿಸುತ್ತಿದ್ದವನು ನೀನೇನಾ ಎಂದೆ. ಒಂದು ಬಜ್ಜಿಗೋಸ್ಕರ ಕಾಲು ಕೊಡ್ತೀಯಾ, ನಿಮ್ಮಜ್ಜನ ಹಾಗೆ, ಎಂದೆ. ಅದು ಸ್ವಲ್ಪ ಜಾಸ್ತಿಯೇ ಆಯಿತು. ಸೌಕಾರ್‌ಪೇಟೆಯವಳು ನನ್ನ ಕೈ ಹಿಡಿದು ಅದುಮಿದಳು. ಅವನು ಆಪಿನ ಕೆಂಪು ಗುಂಡಿ ಒತ್ತಿ ನಿಲ್ಲಿಸಿದ. ಆಪು ಅದಕ್ಕೂ ಬಣ್ಣದ ಕಾಗದದ ಚೂರುಗಳನ್ನು ತೆರೆಯ ಮೇಲೆ ಎರಚಿ ಅಭಿನಂದಿಸಿತು.

ನಾವು ಹೋಟೆಲಿನೊಳಗೆ ಕಾಲಿಟ್ಟಾಗ ಅಪ್ಪ ಮಗನ ಮುಖ ನೋಡಿ ಗಲ್ಲಾದಿಂದ ಎದ್ದೇಬಿಟ್ಟರು. ಫ್ಯಾನಿನ ಕೆಳಗೆ ಕೂರಿಸಿದರು, ಮಜ್ಜಿಗೆ ತರಿಸಿದರು, ತಮ್ಮ ಹೆಗಲಿನ ಟವೆಲಿನಿಂದಲೇ ಅವನ ಕತ್ತು ಒರೆಸಿದರು. ಆಮೇಲೆ ತೀರ್ಪು ಕೊಟ್ಟರು: "ಸಾಕ್ ಇನ್ನ್. ಓಡೂದೇ ಬ್ಯಾಡ. ಆರೋಗ್ಯಕ್ಕೆ ಅಂದೇಳಿ ಜೀವ ಕಳ್ಕಂಬ್ದಾ?"

ಇದಕ್ಕಿಂತ ತಲೆಕೆಳಗಾದ ತೀರ್ಮಾನವನ್ನು ನಾನು ಕೇಳಿಲ್ಲ. ಬೆಳಗಿನ ತಂಪಿನಲ್ಲಿ ಬಿಡದೆ ಮಧ್ಯಾಹ್ನದ ಕೆಂಡದಲ್ಲಿ ಓಡುವ ಹಾಗೆ ಮಾಡಿ, ಅದರಿಂದಾದ ಸುಸ್ತನ್ನೇ ಸಾಕ್ಷಿಯಾಗಿ ತೋರಿಸುವುದು! "ಅಂಕಲ್, ಒಂದು ನಿಮಿಷ. ಇದರಲ್ಲಿ ಕಾರಣ ಯಾವುದು ಪರಿಣಾಮ ಯಾವುದು ಅಂತ..." ಎಂದು ಶುರು ಮಾಡಿದೆ.

"ನೀನು ಸುಮ್ಮನಿರು ಮಾರಾಯ್ತಿ," ಎಂದ ಅವನು.

ನನಗೆ. ಅವನ ಪರವಾಗಿ ಬೆಳಗಿನಿಂದ ಗಂಟಲು ಹರಿದುಕೊಂಡ ನನಗೆ! ಮಜ್ಜಿಗೆಯ ಲೋಟ ಕೆಳಗಿಟ್ಟು ಅವನು ಅಪ್ಪನ ಕಡೆ ತಿರುಗಿದ. ವೇದಿಕೆಯ ಮೇಲಿನ ದನಿ ಅಲ್ಲ ಅದು. ಉಪ್ಪಿನಕಾಯಿ ಮುಗಿದಿದೆ ಎಂದು ಹೇಳುವ ದನಿ.

"ಅಪ್ಪಯ್ಯ, ನಾಳೆ ಬೆಳಿಗ್ಗೆ ಗಲ್ಲಾದಗೆ ನೀವ್ ಕೂಕಣಿ. ನಾನ್ ಎಂಟ್ ಗಂಟಿಗ್ ಬತ್ತೆ."

"ಸರ್ಟಿಫಿಕೇಟ್ ಎಲ್ಲಿ?"

"ಇಲ್ಲ."

"ಮತ್ತೆ?"

"ಮತ್ತೆಂತ ಇಲ್ಲ. ಎಂಟಕ್ಕೆ ಬತ್ತೆ."

ಅಪ್ಪ ಅವನನ್ನೂ, ನಮ್ಮಿಬ್ಬರನ್ನೂ, ಬಾಗಿಲಲ್ಲಿ ಕಾಯುತ್ತಿದ್ದ ಗಿರಾಕಿಗಳನ್ನೂ ನೋಡಿದರು. "ಕಾಂಬ," ಅಂದರು. ನೋಡೋಣ ಎಂದು ಅದರ ಅರ್ಥ. ಹೂಂ ಅಲ್ಲ, ಊಹೂಂ ಅಲ್ಲ. ಅಷ್ಟು ಹೇಳಿ ಅವರು ಬಿಲ್ಲು ಹರಿಯಲು ಹೋದರು, ಮಗ ಬಜ್ಜಿಯ ಹಿಟ್ಟಿಗೆ ಕೈ ಹಾಕಲು ಹೋದ. ಒಂದೂ ಕಾರಣ ಕೊಡದೆ, ಒಂದೂ ಉದಾಹರಣೆ ಕೊಡದೆ ಮಂಡಿಸಿದ ಆ ಎರಡು ವಾಕ್ಯದ ಭಾಷಣವನ್ನು ನಾನು ಬಸ್ಸಿನಲ್ಲಿ ಮನೆಯವರೆಗೂ ಟೀಕಿಸಿಕೊಂಡು ಬಂದೆ. ಕಾಲೇಜಿನಲ್ಲಾಗಿದ್ದರೆ ಸೊನ್ನೆ.

ಸೋಮವಾರ ಬೆಳಿಗ್ಗೆ ಫೋನ್ ಹೊಡೆದುಕೊಂಡಾಗ ನಾನಿನ್ನೂ ಹಲ್ಲುಜ್ಜಿರಲಿಲ್ಲ. ಹೋಟೆಲಿನ ನಂಬರು.

"ಅಂವ ಎಲ್ಲಿ?" ಅಪ್ಪನ ದನಿ. ಹಿಂದೆ ತಟ್ಟೆಗಳು, ಲೋಟಗಳು, ಯಾರೋ ಟೋಕನ್ ಟೋಕನ್ ಎಂದು ಕೂಗುವುದು.

"ಓಡೋಕೆ ಹೋಗಿರ್ಬೇಕು ಅಂಕಲ್. ನಿನ್ನೇನೇ ಹೇಳಿದ್ನಲ್ಲ."

"ಫೋನ್ ಇಲ್ಲೇ ಬಿಟ್ಟಿಕ್ ಹೋಯ್ದ. ಬಿಲ್ ಮಶೀನಿನ ಕಾಗ್ದ ಮುಗ್ದಿತ್. ಹೊಸ ಸುರುಳಿ ಯಾವ ಬದಿಯಿಂದ ಹಾಕೂದು, ನಿಂಗ್ ಗೊತ್ತಿತ್ತಾ?"

ನನಗೆ ಗೊತ್ತಿರಲಿಲ್ಲ. ನುಣುಪಾದ ಬದಿ ಮೇಲೆ ಬರಬೇಕೇನೋ ಅಂದೆ. ಏನೋ ಕಿರುಗುಟ್ಟಿತು, ಏನೋ ಮುಚ್ಚಿತು. ಮಶೀನು ಕಟಕಟ ಎಂದು ಒಂದು ಚೀಟಿ ಉಗುಳಿದ ಸದ್ದು. "ಆಯ್ತ್," ಅಂದರು. ಕುರ್ಚಿ ಎಳೆದು ಕೂತದ್ದೂ ಕೇಳಿಸಿತು.

"ನಾನ್ ನಿಂಗ್ ಹೇಳ್ತೆ ಮಗಾ, ಇದು ಮೂರು ದಿನದ ಆಟ."

ನನಗೆ ನಿದ್ದೆ ಪೂರ್ತಿ ಹಾರಿಹೋಯಿತು. "ಅಂಕಲ್, ಮೂರು ದಿನದ ಆಟ ಅಂತ ಸಾಧಿಸಬೇಕಾದ್ರೆ ಮೊದಲು ಮೂರು ದಿನ ಕೊಟ್ಟು ನೋಡಬೇಕು. ಇವತ್ತು ಮೊದಲನೇ ದಿನ. ನಾಳೆ, ನಾಡಿದ್ದು ನೀವೇ ಅಲ್ಲಿ ಕೂತ್ಕೊಂಡು..."

"ಎರಡ್ ಕಾಪಿ, ಒಂದ್ ಸೆಟ್ ದೋಸೆ. ನಿಂತ್ಕಣಿ, ಕೊಡ್ತೆ," ಎಂದು ಅವರು ಯಾರಿಗೋ ಹೇಳುತ್ತಿದ್ದರು. ಫೋನ್ ಕಟ್ಟಾಯಿತು.